ಬಾಯಿಂದ ಕಂಡ ಮೆರವಣಿಗೆ

ಬೆಕ್ಕಿನ ವೇಷಕ್ಕೆ ಕಣ್ಣೆರಡೂ ಬರೀ ಗುಂಡಿ,
ಯಾರದೋ ಕೋಟಿನಿಂದ ಕಿತ್ತು ಹೊಲಿದ ಹಳದಿ ಗುಂಡಿ.
ನೋಡಬೇಕಾದರೆ ಬಾಯಿಂದಲೇ ನೋಡಬೇಕು.
ಹಾಗಾಗಿ ಆ ಶನಿವಾರ ನಾನು ಕಂಡ ಊರು
ಗೇಣಗಲದ್ದು,
ಮೇಲೆ ಕೆಳಗೆ ಬಟ್ಟೆಯ ಹಲ್ಲು.

ಉತ್ತರ ವೇಲ್ಸಿನ ಗುಡ್ಡದೂರು ನಮ್ಮದು.
ಸ್ಲೇಟಿನ ಗಣಿ ಮುಚ್ಚಿತು,
ಕಲ್ಲಚೂರಿನ ರಾಶಿ ಮನೆಗಳಿಗಿಂತ ಎತ್ತರ ಉಳಿಯಿತು.
ಬಾಡಿಗೆಯವರು ಸೋಫಾ ಹೊತ್ತರು, ಗಡಿಯಾರ ಹೊತ್ತರು,
ಬೀಗದ ಕೈ ಒಪ್ಪಿಸಿ ರಸೀದಿ ಪಡೆದರು.
ಬೆಕ್ಕಿಗೆ ರಸೀದಿ ಇರಲಿಲ್ಲ.

ಐರ್ಲಿಸ್ ಪ್ರೊಥೆರೊ, ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ಈಗಲೂ ಹಿಂದೆ ಕೂತವರನ್ನು ಕನ್ನಡಿಯಲ್ಲಿ ಎಣಿಸುವವಳು,
ಪ್ರಾರ್ಥನೆ ನಿಂತ ಚಾಪೆಲ್ಲಿನ ಹಿಂಗೋಣೆಯಲ್ಲಿ
ನಲವತ್ತೊಂದನ್ನು ಸಾಕುತ್ತಾಳೆ.
ಒಂದು ಹೀಟರು, ಎರಡು ಸೋರುವ ಮೂಲೆ,
ಪಶುವೈದ್ಯರ ಬಾಕಿಯ ಚೀಟಿ
ಸ್ತೋತ್ರದ ಪುಸ್ತಕದೊಳಗೆ.

ಕಾರ್ನಿವಲ್ಲಿಗೆ ಗೆಥಿನ್ ಕಲ್ಲಿದ್ದಲ ಲಾರಿ ಕೊಟ್ಟ, ತೊಳೆಯದೆ.
‘ಜೀವದ ಬೆಕ್ಕು ಒಂದೂ ಬೇಡ’ ಎಂದಳು ಐರ್ಲಿಸ್,
‘ಡ್ರಮ್ಮಿನ ಸದ್ದಿಗೆ ಅವುಗಳ ಎದೆ ಒಡೆದೀತು.’
ಅದಕ್ಕೇ ಲಾರಿಯ ತುಂಬ ಖಾಲಿ ಪಂಜರ,
ಬಾಗಿಲಿಗೊಂದು ಫೋಟೊ, ಕೆಳಗೆ ಹೆಸರು:
ಬಿಷಪ್. ಮಂಗಳವಾರ. ಅರ್ಧಕಿವಿ.
ಅರ್ಧಕಿವಿಯ ತಾಯಿ.
ಮುಂದೆ ನಡೆಯಲು ಮಾತ್ರ ಒಂದು ದೊಡ್ಡ ಬೆಕ್ಕು ಬೇಕಿತ್ತು.
ಬೆಕ್ಕಿಗೆ ಗಂಟೆ ಕಟ್ಟುವವರಾದರೂ ಸಿಕ್ಕಾರು,
ಬೆಕ್ಕಾಗುವವರು?
ಅಂಚೆಯವನಿಗೆ ನಡೆದು ಅಭ್ಯಾಸ ಎಂದರು.

ಲಾರಿಯ ಹಿಂದೆ ಬ್ಯಾಂಡು; ಬ್ಯಾಂಡಿನ ಮುಂದೆ ಇದ್ವಾಲ್ ರೀಸ್,
ಕೆಂಪು ಕೋಟು, ಇಸ್ತ್ರಿಯ ಬಿಳಿ ಪ್ಯಾಂಟು.
ಅವನ ಲೀಕಿನ ಮಡಿಯನ್ನು ಯಾವುದೋ ಬೆಕ್ಕು ಕೆರೆದು
ಮಾಡಬಾರದ್ದನ್ನು ಮಾಡಿತ್ತು.
ಕೌನ್ಸಿಲ್ಲಿಗೆ ಅವನು ಬರೆದ ಎರಡು ದೂರನ್ನೂ
ಹೊತ್ತವನು ನಾನೇ; ತೂಕದಲ್ಲೇ ಸಿಟ್ಟು ತಿಳಿಯುತ್ತದೆ.

ಮಾಂಸದಂಗಡಿಯ ತಿರುವಿನಲ್ಲಿ ಲಾರಿ ಕೆಮ್ಮಿ ನಿಂತಿತು.
ಆಮೇಲೆ ಒಂದು ಸದ್ದು.
ಸೂಜಿಯಷ್ಟು ಸಣ್ಣದು,
ಮಿಯಾವ್ ಅಲ್ಲ, ಅದರ ಮೊದಲಕ್ಷರ.
ಫುಟ್‌ಪಾತಿನ ಮಕ್ಕಳೆಲ್ಲ ನನ್ನತ್ತ ತಿರುಗಿದರು.
‘ನಾನಲ್ಲ’ ಎಂದೆ, ಬೆವರುತ್ತ.
ಬೆಕ್ಕು ಮಾತಾಡಿತೆಂದು ಮೂರರ ಹುಡುಗಿಯೊಬ್ಬಳು
ಐಸ್‌ಕ್ರೀಮು ಕೈಬಿಟ್ಟು ಅತ್ತಳು.

ಮತ್ತೆ. ಎಂಜಿನ್ನಿನ ಕಡೆಯಿಂದ.

ಇದ್ವಾಲ್ ಕೋಲೆತ್ತಿದ.
ಕಾರ್ನೆಟ್ಟು ನಿಂತಿತು, ಟ್ಯೂಬಾ ನಿಂತಿತು,
ಹಿಂದಿನ ಟ್ರ್ಯಾಕ್ಟರು, ಅಗ್ನಿಶಾಮಕದವರು,
ಕಿರೀಟ ಜಾರಿದ ಕಾರ್ನಿವಲ್ ರಾಣಿ, ಎಲ್ಲ ನಿಂತರು.
ಆ ಬೀದಿ ಅಷ್ಟು ಸುಮ್ಮನಿದ್ದದ್ದು ಹಿಂದೆ ಒಂದೇ ಸಲ,
ಗಣಿಯ ಕೊನೆಯ ಸೈರನ್ನು ಕೂಗಿ ಮುಗಿದ ಮೇಲೆ.

ನನ್ನ ಬಾಯಿಗೆ ಈಗ ಕಂಡದ್ದು ಎರಡು ಬಿಳಿ ಕಾಲು ಮಾತ್ರ:
ಇದ್ವಾಲ್ ಅಂಗಾತ ಮಲಗಿ ಲಾರಿಯಡಿ ತೆವಳಿದ್ದ.
ಬೈದ. ಗೆಥಿನ್ನನ್ನೋ ದೇವರನ್ನೋ ಬೈದ.
ಆಮೇಲೆ ದನಿ ಇಳಿಸಿ ಕರೆದ,
ಅವನ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ ಆ ದನಿ.
ಹೊರಬಂದಾಗ ಮಣಿಕಟ್ಟಿನ ತುಂಬ ಗೀರು,
ಬೊಗಸೆಯಲ್ಲಿ ಎಣ್ಣೆಮಸಿ ಮೆತ್ತಿದ
ಒಂದು ಹಿಡಿ ನಡುಕ.

ಐರ್ಲಿಸ್ ಖಾಲಿ ಪಂಜರವೊಂದರ ಬಾಗಿಲು ತೆರೆದಳು.
ಅವನು ಅತ್ತ ನೋಡಲೇ ಇಲ್ಲ.
ಬ್ಯಾಂಡಿನ ಟೋಪಿ ಮಗುಚಿ ಅದರಲ್ಲಿಟ್ಟು
ಎದೆಗವಚಿ,
ಉಳಿದ ಕೈಯಲ್ಲಿ ತಾಳ ಕೊಟ್ಟ, ಮೆಲ್ಲಗೆ, ಮೆಲ್ಲಗೆ,
ಡ್ರಮ್ಮು ಬೇಡವೆಂದು ಕಣ್ಸನ್ನೆ ಮಾಡಿ.
ಲಾರಿಯನ್ನು ನಾವು ತಳ್ಳಿದೆವು.

ಡಬ್ಬಿಯಲ್ಲಿ ಬಿದ್ದದ್ದು ಇನ್ನೂರ ಹನ್ನೆರಡು ಪೌಂಡು,
ಒಂದು ನಾಯಿ ಬಿಸ್ಕತ್ತು.
ಬಾಕಿಯ ಅರ್ಧವೂ ಅಲ್ಲ.
ಬಿಷಪ್‌ಗೆ ಮೂವರು ಹೆಸರು ಬರೆಸಿದರು.
ಅರ್ಧಕಿವಿಯನ್ನು ಯಾರೂ ಕೇಳಲಿಲ್ಲ;
ಕೇಳಿದ್ದರೂ, ತಾಯಿಯನ್ನು ಬಿಟ್ಟು ಅದನ್ನು ಕೊಡುವುದಿಲ್ಲವೆಂದು
ಐರ್ಲಿಸ್ ಮೊದಲೇ ಹೇಳಿದ್ದಳು.

ಸೋಮವಾರ ಇದ್ವಾಲನಿಗೆ ಕೌನ್ಸಿಲ್ಲಿನ ಉತ್ತರ ಬಂದಿತ್ತು.
ಬಾಗಿಲ ಸೀಳಿನಲ್ಲಿ ಲಕೋಟೆ ಅರ್ಧ ತೂರಿಸಿದ್ದೆ,
ಒಳಗಿನಿಂದ ಯಾರೋ ಎಳೆದುಕೊಂಡರು,
ಉಗುರು ಚಾಚಿ,
ನನ್ನ ಬೆರಳ ಸಮೇತ.